ಕರಿಗಲ್ಲು ಸೋಕಿದ ಪಚ್ಚೆ

“ಬುದ್ಧಿ, ನಮ್ಮ ಮನೆತನ ತಮಗೆ ತಿಳಿಯದ್ದಲ್ಲ,” ಎಂದು ಸರ್ವಮಂಗಳಮ್ಮ ಮಠದ ಗುರುಗಳ ಮುಂದೆ ಕುಳಿತು ಹೇಳಿದರು. “ಈ ಮಠಕ್ಕೆ ಮೊದಲ ಕಲ್ಲು ಇಟ್ಟವರು ನಮ್ಮ ಮಾವನವರ ಅಜ್ಜ. ದಾಸೋಹದ ಒಲೆ ಆರದಂತೆ ನೋಡಿಕೊಂಡವರು ನಮ್ಮವರು. ಯಾವ ಪಂಚಾಯಿತಿಯ ಮುಂದೆಯೂ ನಮ್ಮ ಮನೆಯವರು ತಲೆ ತಗ್ಗಿಸಿ ನಿಂತದ್ದಿಲ್ಲ. ಹೆಣ್ಣು ತಂದದ್ದೂ ಕೊಟ್ಟದ್ದೂ ಸರಿಸಮನಾದ ಮನೆಗಳಲ್ಲಿ. ಈಗ ನನ್ನ ಮಗ ತಾನೇ ಒಬ್ಬ ಹುಡುಗಿಯನ್ನು ಮದುವೆಯಾಗಿ ಕರೆತಂದಿದ್ದಾನೆ. ಅವಳ ತಂದೆಯದು ಒಂದು ಜಾತಿ, ತಾಯಿಯದು ಇನ್ನೊಂದು. ನಿನ್ನೆ ನಂಟರೆಲ್ಲ ಸೇರಿದ್ದಾಗ ಆರತಿ ತಟ್ಟೆ ಹಿಡಿದು ಬಂದಳು. ‘ಬೆರಕೆಯವಳ ಕೈಯ ಆರತಿ ನಮ್ಮ ಮನೆಯಲ್ಲಿ ಬೇಡ’ ಎಂದೆ. ಇವತ್ತು ತವರಿಗೆ ಹೊರಟು ನಿಂತಿದ್ದಾಳೆ. ಮತ್ತೆ ಬರುವುದಿಲ್ಲವಂತೆ. ತಮ್ಮ ಪಾದಕ್ಕೆ ನಮಸ್ಕರಿಸಿ ಹೋಗಬೇಕೆಂದು ಹೊರಗೆ ಜಗಲಿಯ ಮೇಲೆ ಕುಳಿತಿದ್ದಾಳೆ. ಶುದ್ಧವಾದದ್ದನ್ನು ಶುದ್ಧವಾಗಿಯೇ ಉಳಿಸಿಕೊಳ್ಳುವುದು ತಪ್ಪೇ, ಬುದ್ಧಿ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ಮನೆತನಕ್ಕೆ ಪಚ್ಚೆಯ ಗಣಿ ಇತ್ತು. ಅವನ ಅಂಗಡಿಯಲ್ಲಿ ಪಚ್ಚೆ ಇಡುವ ಬಟ್ಟೆಯ ಮೇಲೆ ಬೇರೆ ಕಲ್ಲನ್ನು ಇಡುವಂತಿರಲಿಲ್ಲ. ಅದೇ ಗಣಿಯಲ್ಲಿ ತಿಳಿನೀಲಿ ಹರಳುಗಳೂ ಹೊಂಬಣ್ಣದ ಹರಳುಗಳೂ ಸಿಗುತ್ತಿದ್ದವು. ಅವನ್ನು ಸಣ್ಣ ವ್ಯಾಪಾರಿಗಳಿಗೆ ಮಾರುತ್ತಿದ್ದ. ನೀರಿನಂತೆ ಬಣ್ಣವೇ ಇಲ್ಲದ ಹರಳುಗಳೂ ಸಿಗುತ್ತಿದ್ದವು. ಅವನ್ನು ಕಸದ ಗುಡ್ಡೆಗೆ ಸುರಿಸುತ್ತಿದ್ದ. ಎಲ್ಲಕ್ಕೂ ಆರು ಮಗ್ಗುಲು, ಎಲ್ಲದರ ಗಡಸೂ ಒಂದೇ. ಆದರೆ ಅವು ಪಚ್ಚೆಯ ದಾಯಾದಿಗಳೆಂದು ಅವನ ಮುಂದೆ ಯಾರೂ ಹೇಳುತ್ತಿರಲಿಲ್ಲ.

ಊರ ದೇವರಿಗೆ ಹೊಸ ಕಿರೀಟ ಮಾಡಿಸುವ ಕಾಲ ಬಂತು. “ನನ್ನ ಗಣಿಯ ಅತಿ ಶುದ್ಧವಾದ ಹರಳನ್ನು ನಾನು ಕೊಡುತ್ತೇನೆ. ಬೆರಕೆಯದು ದೇವರಿಗೆ ಸಲ್ಲದು” ಎಂದು ವರ್ತಕ ಊರ ಮುಂದೆ ಮಾತು ಕೊಟ್ಟ. ಹೆಬ್ಬೆರಳಿನ ಗಾತ್ರದ ಪಚ್ಚೆಯನ್ನು ತಂದು ಬಿಳಿ ಬಟ್ಟೆಯ ಮೇಲಿಟ್ಟ.

ದೇವಸ್ಥಾನದವರು ಒಬ್ಬ ರತ್ನಪರೀಕ್ಷಕನನ್ನು ಕರೆಸಿದ್ದರು. ಅವನೂ ಸಾಮಾನ್ಯ ಮನೆಯವನಲ್ಲ. ಅವನ ಹಿರಿಯರು ಅರಮನೆಯ ಕಲ್ಲುಗಳನ್ನು ನೋಡಿ ಬೆಲೆ ಕಟ್ಟಿದವರು. ಅವನು ಪಚ್ಚೆಯನ್ನು ಬೆಳಕಿಗೆ ಹಿಡಿದ. ಭೂತಗನ್ನಡಿಯಲ್ಲಿ ನೋಡಿದ.

“ಅಪ್ಪಟ ಪಚ್ಚೆ. ಆದರೆ ಇದರಲ್ಲಿ ಬೆರಕೆ ಇದೆ” ಎಂದ.

ಕಲ್ಲಿನ ವ್ಯಾಪಾರದಲ್ಲಿ ಒಂದು ಕಟ್ಟಳೆಯಿತ್ತು. ಬೆರಕೆ ಎಂದವನು ಅದನ್ನು ತೋರಿಸಿಕೊಡಬೇಕು. ತೋರಿಸಲಾಗದಿದ್ದರೆ ತನ್ನ ಭೂತಗನ್ನಡಿಯನ್ನು ವರ್ತಕನ ಕಾಲ ಬಳಿ ಇಟ್ಟು ಕ್ಷಮೆ ಕೇಳಬೇಕು. ಮತ್ತೆಂದೂ ಕಲ್ಲು ಮುಟ್ಟಬಾರದು.

“ಏನಯ್ಯಾ, ಕಣ್ಣಿಗೆ ಪೊರೆ ಬಂದಿದೆಯೇ?” ಎಂದ ವರ್ತಕ. “ಭೂತಗನ್ನಡಿ ಕೆಳಗಿಡು.”

“ಇಡೋಣ, ಯಜಮಾನರೇ. ಅದಕ್ಕೆ ಮೊದಲು ಒಂದು ಮಾತು ಹೇಳಿ. ನಿಮ್ಮ ಗಣಿಯಲ್ಲಿ ಪಚ್ಚೆ ಸಿಗುವುದು ಎಲ್ಲಿ?”

“ಗಣಿಯವನಿಗೇ ಗಣಿಯ ಪಾಠವೋ? ಬಿಳಿಗಲ್ಲಿಗೆ ಕರಿಗಲ್ಲು ಸೋಕಿದ ಕಡೆ.”

“ಬಿಳಿಗಲ್ಲು ಒಂದೇ ಇರುವ ಕಡೆ?”

“ಅಲ್ಲಿ ಏನಿರುತ್ತದೆ? ಬಣ್ಣವಿಲ್ಲದ್ದು. ಗುಡ್ಡೆಗೆ...” ವರ್ತಕನ ಮಾತು ಅಲ್ಲಿಗೇ ನಿಂತಿತು.

ಪರೀಕ್ಷಕ ಕಸದ ಗುಡ್ಡೆಯಿಂದ ಒಂದು ಹರಳನ್ನು ತರಿಸಿದ. ಅದೇ ಬಟ್ಟೆಯ ಮೇಲೆ ಪಚ್ಚೆಯ ಪಕ್ಕದಲ್ಲಿಟ್ಟ.

“ಎರಡೂ ಒಂದೇ ಕುಲ. ಇದರಲ್ಲಿ ತನ್ನದಲ್ಲದ್ದು ಏನೂ ಇಲ್ಲ, ಅದಕ್ಕೇ ಬಣ್ಣವಿಲ್ಲ. ನಿಮ್ಮ ಪಚ್ಚೆಯಲ್ಲಿ ಕರಿಗಲ್ಲಿನ ಕಣ ಸೇರಿದೆ. ಆ ಹಸಿರು ಅದರದು. ಕೊಟ್ಟ ಮಾತಿನಂತೆ ಶುದ್ಧವಾದದ್ದನ್ನು ದೇವರಿಗೆ ಒಪ್ಪಿಸಿ, ಬೆರಕೆಯದನ್ನು ಗುಡ್ಡೆಗೆ ಎಸೆಯಿರಿ. ನೀವು ಎಸೆದರೆ ನಾನು ಭೂತಗನ್ನಡಿ ಇಟ್ಟು ಕ್ಷಮೆ ಕೇಳುತ್ತೇನೆ.”

ಊರೆಲ್ಲ ನೋಡುತ್ತಿತ್ತು. ವರ್ತಕ ಪಚ್ಚೆಯನ್ನು ಕೈಗೆತ್ತಿಕೊಂಡ. ಗುಡ್ಡೆಯ ಕಡೆಗೆ ತಿರುಗಿದ. ಕೈ ಏಳಲಿಲ್ಲ. ಆಮೇಲೆ ಸೆಟೆದು ನಿಂತು, ಪಚ್ಚೆಯನ್ನು ಅರ್ಚಕರ ತಟ್ಟೆಯಲ್ಲಿ ಇಟ್ಟ.

“ಇದು ನಮ್ಮ ಮನೆಯ ಬೆರಕೆ ಕಲ್ಲು,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. “ಇದಕ್ಕಿಂತ ಮೇಲಾದದ್ದು ನಮ್ಮ ಮನೆಯಲ್ಲಿಲ್ಲ. ದೇವರಿಗೆ ಇದೇ ಸಲ್ಲಲಿ.”

ಗುರುಗಳು ಕತೆ ನಿಲ್ಲಿಸಿದರು.

ಸರ್ವಮಂಗಳಮ್ಮ ಸೆರಗು ಸರಿಪಡಿಸಿಕೊಂಡರು. “ವರ್ತಕ ಮನೆತನಸ್ಥ, ಬುದ್ಧಿ. ಮರ್ಯಾದೆ ಉಳಿಸಿಕೊಂಡ. ಆದರೆ ಪರೀಕ್ಷಕನ ನಡತೆ ನನಗೆ ಒಪ್ಪಿಗೆಯಾಗಲಿಲ್ಲ. ಅವನ ಮಾತು ನಿಜವೇ ಇರಲಿ. ತುಂಬಿದ ಸಭೆಯಲ್ಲಿ ಬೆರಕೆ ಎಂದವನು ಕ್ಷಮೆ ಕೇಳಲೇಬೇಕಿತ್ತು.”

“ಅವಳು ಇನ್ನೂ ಜಗಲಿಯ ಮೇಲೆ ಇದ್ದಾಳೆ ತಾಯಿ, ಹೋಗಿ ಕ್ಷಮೆ ಕೇಳು.”