ಆಕ್ಸಲ್ ಮತ್ತು ಹಿತ್ತಾಳೆ ಬುಷ್

ಹೂದೋಟದ ಹಳೇ ಪುಟ್ಟ ಟ್ರ್ಯಾಕ್ಟರಿನ ಚಕ್ರ ಅಲುಗಾಡಿ ಎಣ್ಣೆ ಸೋರತೊಡಗಿದಾಗ, ಮೇಸ್ತ್ರಿ ಪೀರಸಾಬರು ಅದನ್ನು ಬಿಚ್ಚಿ ಭಾಗಗಳನ್ನೆಲ್ಲ ಗೋಣಿತಾಟಿನ ಮೇಲೆ ಹರಡಿದರು. ಚಕ್ರದ ಅಚ್ಚಾದ ಉಕ್ಕಿನ ಆಕ್ಸಲ್ ಪಕ್ಕಕ್ಕೆ ನೋಡಿತು. ಇಷ್ಟು ವರ್ಷ ತನ್ನನ್ನು ಬಳೆಯಂತೆ ಸುತ್ತುವರಿದಿದ್ದ ಹಿತ್ತಾಳೆ ಬುಷ್ ಒಂದು ಬದಿಯಲ್ಲಿ ಕಾಗದದಷ್ಟು ತೆಳ್ಳಗಾಗಿತ್ತು. ಎಣ್ಣೆ ತಡೆಯುತ್ತಿದ್ದ ರಬ್ಬರ್ ಸೀಲಿನ ಅಂಚು ಬಿರಿದಿತ್ತು.

"ನಾಚಿಕೆಯಾಗಬೇಕು ನಿಮಗೆ! ಭಾರ ಹೊತ್ತವನು ನಾನು, ಸವೆದು ಸೊರಗಿದವರು ನೀವು. ಮೇಸ್ತ್ರಿಗಳೇ, ಈ ಸಲ ನನ್ನಷ್ಟೇ ಗಟ್ಟಿಯಾದ ಉಕ್ಕಿನ ಬುಷ್ ಹಾಕಿ" ಎಂದಿತು ಆಕ್ಸಲ್.

ಪೀರಸಾಬರು ಆಕ್ಸಲನ್ನು ಒರೆಸಿ, ಕಣ್ಣು ಮುಚ್ಚಿಕೊಂಡು, ಹೆಬ್ಬೆರಳಿನ ಉಗುರನ್ನು ಅದರ ಮೈಯುದ್ದಕ್ಕೂ ಎಳೆದರು. ಉಗುರು ಎಲ್ಲೂ ತಡೆಯಲಿಲ್ಲ.

"ನೀನು ಬದುಕಿಕೊಂಡೆ. ಆಳವಾದ ಒಂದು ಗೀರು ಸಿಕ್ಕಿದ್ದರೂ ನೀನು ಗುಜರಿಗೆ ಹೋಗುತ್ತಿದ್ದೆ. ಈ ಗಾಡಿಗೆ ಬೇರೆ ಆಕ್ಸಲ್ ಸಿಗುವುದಿಲ್ಲ. ಉಕ್ಕಿಗೆ ಉಕ್ಕು ಉಜ್ಜಿದರೆ ನೀನೂ ಸವೆಯುತ್ತೀಯ. ನಿನ್ನ ಪಾಲಿನ ಸವೆತವೂ ಬುಷ್ಷಿನ ಮೈಗೇ ಬರಲಿ ಅಂತಲೇ ಅದನ್ನು ಮೆತ್ತನೆಯ ಹಿತ್ತಾಳೆಯಲ್ಲಿ ಮಾಡಿರುವುದು" ಎಂದರು.

ಆಕ್ಸಲ್ ಬುಷ್ಷಿನ ತೆಳ್ಳಗಾದ ಬದಿಯನ್ನು ಮತ್ತೊಮ್ಮೆ ನೋಡಿತು. ಆಮೇಲೆ ಬುಷ್ಷನ್ನು ಕೇಳಿತು: "ಇಷ್ಟು ವರ್ಷ ಒಮ್ಮೆಯಾದರೂ ಹೇಳಬಾರದಿತ್ತೇ?"

"ನೀನು ನುಣ್ಣಗೆ ತಿರುಗುತ್ತಿದ್ದೆ, ಅಣ್ಣಾ. ಹೇಳುವಂಥದ್ದು ಏನಿತ್ತು?" ಎಂದಿತು ಬುಷ್.

ಹೊಸ ಬುಷ್, ಹೊಸ ಸೀಲು ಬಂದವು. ಪೀರಸಾಬರು ಗ್ರೀಸ್ ಡಬ್ಬಿ ತೆರೆದರು. ಡಬ್ಬಿ ಕಂಡರೆ ಸಾಕು, "ಮೊದಲು ನನಗೆ" ಎನ್ನುತ್ತಿದ್ದ ಆಕ್ಸಲ್ ಈ ಸಲ ಮೆಲ್ಲಗೆ ಹೇಳಿತು:

"ಮೊದಲು ಅವರಿಗೆ ಹಚ್ಚಿ, ಮೇಸ್ತ್ರಿಗಳೇ. ಉಳಿದರೆ ನನಗೆ."