ಉಗ್ರಾಣದಿಂದ ಬಂದ ಉತ್ತರ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಆಸ್ಪತ್ರೆಯ ರಕ್ತನಿಧಿಗೆ ನಾನು ಬರೆದ ವೆಬ್ ಅಪ್ಲಿಕೇಶನ್ ಇದೆ. ಯಾವ ಗುಂಪಿನ ರಕ್ತ ಎಷ್ಟಿದೆ ಎಂದು ವೈದ್ಯರು ಅದನ್ನೇ ಕೇಳುತ್ತಾರೆ. ಅದರ ಹಿಂದಿದ್ದ ಡೇಟಾಬೇಸ್ ಹಳೆಯದಾಯಿತು. ಇಂದು ಬೇರೆ ಬಗೆಯದನ್ನು ಜೋಡಿಸಿದೆ. ಫ್ರೇಮ್‌ವರ್ಕಿನ ಕೈಪಿಡಿ ಹೇಳಿದಂತೆ ಸೆಟ್ಟಿಂಗ್ಸಿನಲ್ಲಿ ಒಂದು ಸಾಲು ಬದಲಿಸಿದೆ, ಅಷ್ಟೆ. ಮೊದಲ ಸಲಕ್ಕೇ ಕೂಡಿಕೊಂಡಿತು. ಹಳೆಯದನ್ನು ಅಳಿಸಿಬಿಡಲೇ?"

ಗುರುಗಳಿಗೆ ಶುಭವಾರ್ತೆಗಳಲ್ಲಿ ನಂಬಿಕೆ ಕಡಿಮೆ. "ಒಂದೇ ಸಾಲೇ?" ಎಂದು ಕುತೂಹಲದಿಂದ ಕೇಳಿದರು. ಬಳಿಕ ಈ ಕತೆ ಹೇಳಿದರು.

ಒಬ್ಬ ವರ್ತಕ ಯಾತ್ರಿಕರಿಗಾಗಿ ಛತ್ರ ನಡೆಸುತ್ತಿದ್ದ. ಅಲ್ಲಿನ ಅಡುಗೆಯವನು ಪರನಾಡಿನವನು. ಅವನಿಗೆ ಬರುತ್ತಿದ್ದ ಕನ್ನಡವೆಲ್ಲ ಉಗ್ರಾಣಿಯಿಂದ ಕಲಿತದ್ದು. ಅಡುಗೆಯವನು ಉಗ್ರಾಣದೊಳಗೆ ಕಾಲಿಡುವ ಪದ್ಧತಿ ಇರಲಿಲ್ಲ. ಬೆಳಿಗ್ಗೆ ಕಿಟಕಿಯ ಬಳಿ ನಿಂತು ಉಗ್ರಾಣಿಯ ಹೆಸರು ಹಿಡಿದು "ಅಕ್ಕಿ?" ಎಂದು ಕೂಗುತ್ತಿದ್ದ. ಇದ್ದರೆ ಉಗ್ರಾಣಿ "ಇದೆ" ಎನ್ನುತ್ತಿದ್ದ. ಮುಗಿದಿದ್ದರೆ "ಇಲ್ಲ" ಎನ್ನುತ್ತಿದ್ದ. ಒರಟು ಮನುಷ್ಯ. "ಇಲ್ಲ" ಎಂದ ದಿನ ಅಡುಗೆಯವನು ಪೇಟೆಗೆ ಗಾಡಿ ಕಳಿಸುತ್ತಿದ್ದ.

ಉಗ್ರಾಣಿಗೆ ವಯಸ್ಸಾಯಿತು. ವರ್ತಕ ಹೊಸಬನನ್ನು ನೇಮಿಸಿದ. ಒಳ್ಳೆಯ ಮನೆತನದವನು, ಮೆದುಮಾತಿನವನು. "ನಿನಗೇನೂ ತೊಂದರೆಯಿಲ್ಲ. ಕೂಗುವ ಹೆಸರೊಂದನ್ನು ಬದಲಿಸಿಕೋ, ಸಾಕು" ಎಂದು ವರ್ತಕ ಅಡುಗೆಯವನಿಗೆ ಹೇಳಿದ.

ಹತ್ತು ದಿನ ಹೊಸಬನೂ "ಇದೆ" ಎಂದ. ಅನ್ನ ಬೆಂದಿತು. ಹನ್ನೊಂದನೆಯ ದಿನ, ಹಿಂದಿನ ದಿನದಿಂದ ಏನೂ ತಿಂದಿರದ ಇನ್ನೂರು ಯಾತ್ರಿಕರು ಬಂದರು. ಅಡುಗೆಯವನು "ಅಕ್ಕಿ?" ಎಂದು ಕೂಗಿದ.

"ಹೆಚ್ಚಿದೆ" ಎಂದ ಹೊಸ ಉಗ್ರಾಣಿ.

ಅಡುಗೆಯವನು ಹಿಗ್ಗಿದ. ಗಾಡಿ ಕಳಿಸಲಿಲ್ಲ. ದೊಡ್ಡ ಹಂಡೆಯಲ್ಲಿ ಎಸರಿಟ್ಟ. ಎಲೆ ಹಾಕಿಸಿ ಎಲ್ಲರನ್ನೂ ಕೂರಿಸಿದ. ಎಸರು ಕುದಿಯಿತು. ಉಗ್ರಾಣದ ಬಾಗಿಲು ತೆರೆಯಿತು. ಒಳಗೆ ಗುಡಿಸಿ ರಂಗೋಲಿ ಹಾಕಿದ ನೆಲ.

"ಹೆಚ್ಚಿದೆ ಅಂದೆಯಲ್ಲೋ ಮಾರಾಯ!"

"ಹೌದು, ಮುಗಿದಿದೆ. ಅನ್ನ ಹಾಕುವ ಮನೆಯಲ್ಲಿ 'ಅಕ್ಕಿ ಇಲ್ಲ' ಅಂತ ಬಾಯಿಬಿಟ್ಟು ಹೇಳುತ್ತಾರೇನಯ್ಯಾ? ದೀಪ ಆರಿಸುವುದಕ್ಕೂ ನಾವು 'ದೊಡ್ಡದು ಮಾಡು' ಅನ್ನುವ ಜನ. ನಿನಗೆ ಕನ್ನಡ ಕಲಿಸಿದ ಪುಣ್ಯಾತ್ಮ ಯಾರು?"

ಇನ್ನೂರು ಜನ ಖಾಲಿ ಎಲೆಯ ಮುಂದಿನಿಂದ ಎದ್ದು ಹೋದರು. ಯಾರೂ ಸುಳ್ಳು ಹೇಳಿರಲಿಲ್ಲ.

ಶಿಷ್ಯ ಅಷ್ಟಕ್ಕೆ ಬಿಡಲಿಲ್ಲ. "ಆದರೆ ನಾನು ಪರೀಕ್ಷಿಸಿದ್ದೇನೆ, ಗುರುಗಳೇ. ಕೇಳಿದ್ದಕ್ಕೆಲ್ಲ ಹೊಸದರಿಂದ ತಡವಿಲ್ಲದೆ ಉತ್ತರ ಬಂತು."

"ಛತ್ರದಲ್ಲೂ ಬಂತು" ಎಂದರು ಗುರುಗಳು.