ಬಳೆಗಾರ ಹಿಡಿದ ಕೈ

“ಕಾಲಲ್ಲಿ ಹುಟ್ಟುತ್ತದೆ, ಕಾಲಿಲ್ಲದೆ ನಡೆಯುತ್ತದೆ, ಎದೆಗೇರಿ ಉಸಿರಿಗೆ ಅಡ್ಡ ಕೂರುತ್ತದೆ. ಒಂಟಿಯಾಗಿ ಕರಗಿ ಹೋಗುತ್ತದೋ, ಜೀವವನ್ನೂ ಕರೆದುಕೊಂಡು ಹೋಗುತ್ತದೋ? ಹೇಳಿ ಗುರುಗಳೇ, ಏನದು?”

ಕೇಳಿದವನು ವೈದ್ಯಕೀಯ ಕಲಿಯುತ್ತಿದ್ದ ಶಿಷ್ಯ. ಗುರುಗಳು ತಲೆ ಕೆರೆದುಕೊಂಡು, “ಸೋತೆನಪ್ಪ, ನೀನೇ ಹೇಳು” ಅಂದರು.

“ರಕ್ತದ ಹೆಪ್ಪು. ಆದರೆ ಅರ್ಧ ಉತ್ತರ ನನಗೂ ಗೊತ್ತಿಲ್ಲ.” ಶಿಷ್ಯನ ನಗು ಅಲ್ಲಿಗೇ ನಿಂತಿತು. “ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂದು ಮೊದಲೇ ಲೆಕ್ಕ ಹಾಕುತ್ತೇವೆ. ಹೋಗುತ್ತಾರೆ ಎಂದು ಲೆಕ್ಕ ಬಂದ ಮೇಲೆ ಮಂಚದ ಬಳಿ ಕೂತು ಆಗಬೇಕಾದ್ದೇನು?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಳೆಗಾರ. ಅವನ ಹೆಂಡತಿಯ ಎದೆಯಲ್ಲಿ ಇಂಥದೇ ಹೆಪ್ಪು ಬಂದು ಕೂತಿತು. ಆಸ್ಪತ್ರೆಯಲ್ಲಿ ಅವಳ ಬಾಯಿಗೆ ಉಸಿರಿನ ನಳಿಗೆ ಇಟ್ಟರು. ನರ್ಸಮ್ಮ ಅವಳ ಬಳೆಗಳನ್ನು ತೆಗೆದು ಗಂಡನ ಕೈಗೆ ಕೊಟ್ಟಳು. ಅವನಿಗೆ ದಿಗಿಲಾಯಿತು. ಗಂಡ ಸತ್ತರೆ ತೆಗೆಯುವ ಬಳೆ ಅದು.

“ನಾನಿನ್ನೂ ಗುಂಡುಕಲ್ಲಿನ ಹಾಗಿದ್ದೀನಲ್ಲ ತಾಯಿ!” ಅಂದ.

ವೈದ್ಯ ನಾಡಿ, ವಯಸ್ಸು, ಹೃದಯದ ಬಲ ಎಲ್ಲ ಕೂಡಿಸಿ ನೋಡಿದ. “ಯಜಮಾನರೇ, ಉಳಿಯುವುದು ಕಷ್ಟ. ಒಮ್ಮೆ ನೋಡಿ ಬನ್ನಿ.”

ಬಳೆಗಾರ ಒಳಗೆ ಹೋದ. ಏನು ಮಾಡಬೇಕೆಂದು ತೋಚಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ ಕೆಲಸ. ಹೆಂಡತಿಯ ಕೈ ಹಿಡಿದು, ಬಳೆ ಏರಿಸುವ ಮೊದಲು ಮಾಡುವಂತೆ, ಬೆರಳ ಗೆಣ್ಣುಗಳನ್ನು ಮೆಲ್ಲಗೆ ಒತ್ತಿ ಸಡಿಲಿಸತೊಡಗಿದ.

“ಊರ ಹೆಂಗಸರ ಕೈಯೆಲ್ಲ ಹಿಡಿದೆ ಕಣೇ, ನಿನ್ನ ಕೈ ಹಿಡಿಯೋಕೇ ಪುರುಸೊತ್ತಾಗಲಿಲ್ಲ. ನೀನೋ, ಮಾರಿ ಉಳಿದ, ಜೊತೆ ತಪ್ಪಿದ ಬಳೆ ನೀನೇ ಏರಿಸಿಕೊಂಡೆ.” ಕೈಯನ್ನು ತಿರುಗಿಸಿ ನೋಡಿದ. “ಊದಿದೆ. ಇವತ್ತು ಏರಲ್ಲ. ನಾಳೆ ನೋಡೋಣ.”

ಮರುದಿನವೂ ಬಂದ. ಆಮೇಲೂ ಬಂದ. ಬಂದಾಗಲೆಲ್ಲ ಕೈ ಒತ್ತಿದ, ನಾಳೆ ನೋಡೋಣ ಅಂದ. ಕಡೆಗೊಮ್ಮೆ ಊತ ಇಳಿಯಿತು. ಚೀಲದಿಂದ ಹೊಸ ಹಸಿರು ಬಳೆ ತೆಗೆದು, ಒಂದೂ ಒಡೆಯದಂತೆ ಏರಿಸಿದ. ಅವಳು ಕಣ್ಣು ಬಿಟ್ಟಳು. ನಳಿಗೆ ತೆಗೆದರು. “ಅಂತೂ ಹೊಸದು ಕೊಟ್ಟೆಯಲ್ಲ, ಜಿಪುಣ” ಅಂದಳು. ಎದ್ದು, ಬಳೆ ಸದ್ದು ಮಾಡುತ್ತ ಮನೆಗೆ ನಡೆದಳು.

ಶಿಷ್ಯನ ಮುಖ ಅರಳಿತು. “ಹಾಗಾದರೆ ವೈದ್ಯನ ಲೆಕ್ಕ ತಪ್ಪಿತು!”

“ಲೆಕ್ಕ ತಪ್ಪಲಿಲ್ಲ ಮಗು, ಅವಳು ಉಳಿಯಲಿಲ್ಲ. ಕಣ್ಣು ಬಿಟ್ಟದ್ದು, ಎದ್ದು ನಡೆದದ್ದು ನಾನು ಕಟ್ಟಿದ ಕತೆ. ಆದರೆ ಬಳೆ ಏರುವಾಗ ಕೈ ಇನ್ನೂ ಬೆಚ್ಚಗಿತ್ತು, ಅದು ನಿಜ.”